ಡಿಸ್ಕ್ ನನ್ನದು, ಕವರ್ ಅವಳದು

ಕಾನ್ವೆಂಟಿನ ಕೊನೆಯ ವರ್ಷ ನನ್ನ ಗೆಳತಿಯ ಸೋದರಮಾವ ಮುಂಬೈಯಿಂದ ಬರುವಾಗ ನಮ್ಮಿಬ್ಬರಿಗೂ ಸೇರಿಸಿ ಒಂದೇ ರೆಕಾರ್ಡ್ ತಂದರು. ಇಂಗ್ಲೆಂಡಿನ ಬ್ಯಾಂಡು. ಆ ಬಗೆಯ ಸಂಗೀತಕ್ಕೆ ಪೋಸ್ಟ್-ಪಂಕ್ ಎನ್ನುತ್ತಾರೆಂದು ಈಚೆಗೆ ಮೊಮ್ಮಗಳಿಂದ ತಿಳಿಯಿತು. ಆಗ ನಮಗದು ಬರೀ ದುಃಖದ ಗದ್ದಲ. ಪ್ಲೇಯರ್ ಇದ್ದದ್ದು ಕಲಬುರಗಿಯ ಕೋಟೆ ಹತ್ತಿರದ ನಮ್ಮ ಮನೆಯಲ್ಲಿ, ಹೀಗಾಗಿ ಡಿಸ್ಕ್ ನನ್ನ ಪಾಲಾಯಿತು, ಕವರ್ ಅವಳ ಪಾಲಾಯಿತು. ಮದುವೆಯಾಗಿ ಕಮಲಾಪುರಕ್ಕೆ ಹೋಗುವಾಗ ಅದನ್ನು ರೇಷ್ಮೆ ಸೀರೆಗಳ ನಡುವೆ ಇಟ್ಟುಕೊಂಡು ಹೋದಳು.

ಅಂದಿನಿಂದ ಭೇಟಿಯಾದಾಗಲೆಲ್ಲ ನಮ್ಮದೊಂದು ಕ್ವಿಜ್. ಹಿಂಬದಿಯ ಫೋಟೋದಲ್ಲಿ ಯಾರ ಬೂಟಿನ ಲೇಸ್ ಬಿಚ್ಚಿದೆ ಎಂದು ಅವಳು ಕೇಳುವಳು. ಯಾವ ಹಾಡಿಗೆ ಮುಂಚೆ ಒಬ್ಬರು ಕೆಮ್ಮುತ್ತಾರೆ ಎಂದು ನಾನು. ಇಬ್ಬರೂ ಫೇಲ್. ನಿಜವಾದ ಜಗಳ ಒಂದೇ: ಹಾಡುವುದು ಗಂಡೋ, ಹೆಣ್ಣೋ? ಕವರಿನ ಮೇಲೆ ಮೈಕ್ ಹಿಡಿದವಳು ಒಬ್ಬ ತೆಳ್ಳನೆಯ ಹುಡುಗಿ. ನನ್ನ ಕಿವಿಗೆ ಕೇಳುತ್ತಿದ್ದದ್ದು ಭಾರವಾದ, ಮೆಲಾಂಕಲಿ ಗಂಡುದನಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದನಿಯ ಮೇಲೆ ನನಗೆ ಜೀವ.

"ಹಾಡಾಂವ ಗಂಡಸಾದ್ರ ಫೋಟೋಕ್ಕ ಇಕಿ ಯಾಕ ನಿಂತಾಳ? ಅವನ ಹೇಣ್ತೇನು?" ಎಂದಿದ್ದಳು ಅವಳು. ಶರತ್ತು ಬಿತ್ತು. ಸೋತವಳು ತನ್ನ ಪಾಲನ್ನು ಗೆದ್ದವಳಿಗೆ ಕೊಡಬೇಕು.

ಕಳೆದ ತಿಂಗಳು ಮೊಮ್ಮಗಳು ಫೋನಿನಲ್ಲಿ ಆ ರೆಕಾರ್ಡಿನ ಒಂದು ಹಾಡಿನ ವಿಡಿಯೋ ಹುಡುಕಿ ತೋರಿಸಿದಳು. ಅದೇ ಹುಡುಗಿ, ಗುಬ್ಬಿಯಂತೆ ಜಿಗಿಯುತ್ತ, ಗುಬ್ಬಿಯಂತೆಯೇ ಹಾಡುತ್ತಿದ್ದಾಳೆ. ನನ್ನ ಗಂಡಸು ಎಲ್ಲಿ? ಮೊಮ್ಮಗಳು ಹೊಟ್ಟೆ ಹಿಡಿದು ನಕ್ಕು ವಿವರಿಸಿದಳು: ಆ ರೆಕಾರ್ಡನ್ನು ೪೫ರ ವೇಗದಲ್ಲಿ ಹಾಕಬೇಕಂತೆ, ೩೩ರಲ್ಲಿ ನಿಧಾನಕ್ಕೆ ತಿರುಗಿದರೆ ಹೆಣ್ಣುದನಿಯೂ ಗಂಡಿನದಾಗುತ್ತದಂತೆ. ಹಾಗೆಂದು ಡಿಸ್ಕಿನ ಮೇಲಿಲ್ಲ, ಫೋನಿನಲ್ಲಿ ಸಿಕ್ಕ ಕವರಿನ ಚಿತ್ರದ ಮೂಲೆಯಲ್ಲಿ ಸಣ್ಣಕ್ಷರದಲ್ಲಿದೆ. ನಮ್ಮ ಪ್ಲೇಯರಿನಲ್ಲೋ, ಅಪ್ಪ ತಮ್ಮ ಅಭಂಗದ ರೆಕಾರ್ಡುಗಳು ಕೆಡಬಾರದೆಂದು ವೇಗದ ಸ್ವಿಚ್ಚನ್ನು ೩೩ಕ್ಕಿಟ್ಟು ಗಾಯದ ಪ್ಲಾಸ್ಟರ್ ಅಂಟಿಸಿದ್ದರು. ಅಪ್ಪ ಹೋದರೂ ಅದನ್ನು ಕೀಳುವ ಧೈರ್ಯ ನನಗಿರಲಿಲ್ಲ.

ಶರತ್ತು ಅಂದರೆ ಶರತ್ತು. ಡಿಸ್ಕನ್ನು ಸೀರೆಯಲ್ಲಿ ಸುತ್ತಿ, ಪ್ಲೇಯರನ್ನೂ ಎತ್ತಿಕೊಂಡು ಕಮಲಾಪುರದ ಬಸ್ ಹತ್ತಿದೆ. ಗೆಳತಿ ಉಗುರಿನಿಂದ ಪ್ಲಾಸ್ಟರ್ ಕಿತ್ತು ಸ್ವಿಚ್ಚನ್ನು ೪೫ಕ್ಕೆ ಸರಿಸಿದಳು. ಹುಡುಗಿ ಹಾಡಿದಳು. ಗೆಳತಿ ಕವರನ್ನು ತೊಡೆಯ ಮೇಲಿಟ್ಟುಕೊಂಡು ಮಹಾರಾಣಿಯ ಹಾಗೆ ಕೂತಿದ್ದಳು. ನಾನು ಗೋಡೆ ನೋಡುತ್ತಿದ್ದೆ. ಅರ್ಧ ಹಾಡಿಗೇ ಅವಳು ಮುಳ್ಳು ಎತ್ತಿದಳು.

"ಇಕಿ ಭಾಳ ಅವಸರದಾಕಿ. ನಿನ್ನ ಗಂಡಸನ್ನ ಹಚ್ಚು."

ಸ್ವಿಚ್ಚನ್ನು ೩೩ಕ್ಕೆ ಸರಿಸಿ ಹಚ್ಚಿದೆ. ಅವನು ಎಂದಿನಂತೆ ನಿಧಾನವಾಗಿ, ಯಾರನ್ನೋ ಕಳೆದುಕೊಂಡವನ ಹಾಗೆ ಬಂದ. ಅವಳು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ಆಮೇಲೆ ಡಿಸ್ಕನ್ನು ಕವರಿಗೆ ಸೇರಿಸಿ, ಕವರನ್ನು ಸೀರೆಗಳ ನಡುವೆ ಇಟ್ಟು ಬೀರುವಿನ ಬಾಗಿಲು ಹಾಕಿದಳು. ಕರುಣೆಯೇ ಇಲ್ಲ. ಪ್ಲೇಯರನ್ನೂ ಬಿಟ್ಟು ಹೋಗು ಎಂದಳು. ಅದು ಶರತ್ತಿನಲ್ಲಿ ಇರಲಿಲ್ಲ ಎಂದೆ.

"ಹಂಗಾರ ಹೊತಗೊಂಡು ಬರಕೋತ ಇರು," ಎಂದು ನನ್ನ ಚೀಲಕ್ಕೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತುರುಕಿದಳು.

ಹಳೆಯ ಪ್ಲಾಸ್ಟರಿಗೆ ಅಂಟು ಉಳಿದಿರಲಿಲ್ಲ. ಬಸ್ಸಿನಲ್ಲಿ ಕಲಬುರಗಿ ಬರುವವರೆಗೂ ಸ್ವಿಚ್ಚನ್ನು ೩೩ರ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಕೂತಿದ್ದೆ.