ಅಂಬಿಗ ಕೆಂಚನ ಎರಡು ಎಮ್ಮೆಗಳು

ನನಗೆ ಎಣಿಸುವ ಚಟವಿದೆ. ನಂಜನಗೂಡಿನ ಶಾಲೆಯೊಂದರಲ್ಲಿ ಗಣಿತ ಪಾಠ ಮಾಡುವವಳಿಗೆ ಅದು ಹೊಟ್ಟೆಪಾಡು ಎಂದು ನೀವು ಕ್ಷಮಿಸಬಹುದು. ಆದರೆ ಭಾನುವಾರ ಟಿ. ನರಸೀಪುರದ ಬಸ್ಸಿನಲ್ಲಿ ಕೂತು ರಸ್ತೆಯ ಹಂಪುಗಳನ್ನು ಎಣಿಸಿ ಡೈರಿಯಲ್ಲಿ ಬರೆದುಕೊಳ್ಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಮೂರು ಸಲ ಎಣಿಸಿದೆ. ಮೂರು ಸಲವೂ ಬೇರೆ ಬೇರೆ ಉತ್ತರ ಬಂತು. ಮೂರನ್ನೂ ತಾರೀಖಿನ ಸಮೇತ ಬರೆದಿಟ್ಟಿದ್ದೇನೆ.

ಇಂಥವಳು ಓದಿ ಮೆಚ್ಚಿದ ಏಳು ಸಂಪುಟಗಳ ಮಾಯಾಲೋಕದ ಕಾದಂಬರಿಯನ್ನು ಯಾರೋ ತೆರೆಗೆ ತಂದರೆ ಏನಾಗುತ್ತದೆ? ಡೈರಿಯಲ್ಲಿ ಮೂರು ಅಂಕಣಗಳಾಗುತ್ತವೆ: ಬಿಟ್ಟದ್ದು, ಸೇರಿಸಿದ್ದು, ಬದಲಿಸಿದ್ದು. ನದಿಯ ತಳದಲ್ಲೊಂದು ಪಟ್ಟಣ, ಮಂಜಿನ ಮೇಲೆ ತೇಲುವ ಹರಿಗೋಲು, ಸುಳ್ಳು ಕೇಳಿದಾಗಲೆಲ್ಲ ಒಂದು ಗರಿ ಉದುರಿಸುವ ಹಕ್ಕಿ, ಇವೆಲ್ಲ ಇರುವ ಕಥೆ ಅದು. ವಾರಕ್ಕೊಂದು ಕಂತು. ಆರು ಕಂತು ಮುಗಿಯುವಷ್ಟರಲ್ಲಿ ಬಿಟ್ಟದ್ದು ಮೂವತ್ತೊಂದು, ಸೇರಿಸಿದ್ದು ಹನ್ನೆರಡು, ಬದಲಿಸಿದ್ದು ಹತ್ತೊಂಬತ್ತು. ರಾಜಕುಮಾರಿಯ ಕುಂಟುಗಾಲು ನೆಟ್ಟಗಾಗಿತ್ತು. ಅವಳ ಮೂವರು ಅತ್ತೆಯರು ಸೇರಿ ಒಬ್ಬಳಾಗಿದ್ದರು. ಇದೊಂದನ್ನು ನಾಡಿನ ಸೊಸೆಯರು ಸ್ವಾಗತಿಸಿರಲೂಬಹುದು.

ಕಂತುಗಳನ್ನು ನಾನು ನೋಡುವುದು ಟಿ. ನರಸೀಪುರದಲ್ಲಿ, ದೊಡ್ಡಮ್ಮನ ಮನೆಯ ದೊಡ್ಡ ಟಿ.ವಿ.ಯಲ್ಲಿ. ಮೊದಲ ದಿನವೇ ನನ್ನ ಡೈರಿ, ಪೆನ್ನು ನೋಡಿ ದೊಡ್ಡಪ್ಪ ಕೇಳಿದರು: "ಏನವ್ವ, ಸಿನಿಮಾ ನೋಡಕ್ ಬಂದಿದ್ದೀಯೋ, ಪೇಪರ್ ತಿದ್ದಕ್ ಬಂದಿದ್ದೀಯೋ?"

"ಸುಮ್ಕಿರಿ. ಓದ್ದೋಳ್ಗೆ ಗೊತ್ತು ಅದ್ರ ಸಂಕ್ಟ," ಎಂದು ದೊಡ್ಡಮ್ಮ ನನ್ನ ಪರ ನಿಂತರು.

ಅಂದು ನನಗೆ ಹೆಮ್ಮೆಯಾಯಿತು. ಏಳನೆಯ ಕಂತು ಹತ್ತಿರ ಬಂದಂತೆ ಆ ಹೆಮ್ಮೆ ಭಯಕ್ಕೆ ತಿರುಗಿತು. ಯಾಕೆಂದರೆ ಪುಸ್ತಕದ ಪ್ರಕಾರ ಏಳನೆಯ ಕಂತಿನಲ್ಲಿ ಅಂಬಿಗ ಕೆಂಚ ಸಾಯಬೇಕು. ದೊಡ್ಡಮ್ಮನ ಲೆಕ್ಕದಲ್ಲಿ ಅವನು ಸತ್ತೇ ಇಲ್ಲ.

ಹೋದ ವರ್ಷದ ಬೇಸಿಗೆ ರಜೆಯಲ್ಲಿ ದೊಡ್ಡಮ್ಮ ಕಣ್ಣಿನ ಪೊರೆ ತೆಗೆಸಿದರು, ಒಂದಾದ ಮೇಲೊಂದರಂತೆ ಎರಡೂ ಕಣ್ಣಿನದು. ಉಜ್ಜಬಾರದು, ತಲೆಗೆ ನೀರು ಹಾಕಬಾರದು, ಮುಖ್ಯವಾಗಿ ಅಳಬಾರದು ಎಂದರು ಡಾಕ್ಟರು. ಕಣ್ಣು ಮುಚ್ಚಿ ಮಲಗಿದವರಿಗೆ ಹೊತ್ತು ಹೋಗಲೆಂದು ಲೈಬ್ರರಿಯಿಂದ ಸಂಪುಟಗಳನ್ನು ತಂದು ನಾನು ದಿನವೂ ಮಧ್ಯಾಹ್ನ ಓದಿ ಹೇಳಿದೆ; ನನಗೂ ಅದು ಮೊದಲ ಓದು. ರಾಜಕುಮಾರಿಗಿಂತ ಅವರಿಗೆ ಹಿಡಿಸಿದವನು ಹರಿಗೋಲಿನ ಕೆಂಚ. ಕಪಿಲೆ ಕಾವೇರಿ ಕೂಡುವ ಊರಿನವರಿಗೆ ಅಂಬಿಗರ ಮೇಲೆ ಒಂದು ಪಕ್ಷಪಾತ ಇದ್ದೇ ಇರುತ್ತದೆ. ಐದನೆಯ ಸಂಪುಟದ ನಡುವೆ ಆ ಕೆಂಚ ಸುಳಿಗೆ ಸಿಕ್ಕಿ ಮುಳುಗುತ್ತಾನೆಂಬುದು ಬಾಯಿಗೆ ಬರುವ ಒಂದು ಸಾಲು ಮೊದಲೇ ನನ್ನ ಕಣ್ಣಿಗೆ ಬಿತ್ತು. ನಾನು ಪುಸ್ತಕ ನೋಡಿದೆ. ದೊಡ್ಡಮ್ಮನ ಮುಚ್ಚಿದ ಕಣ್ಣು ನೋಡಿದೆ. ಕೆಂಚನನ್ನು ಈಜಿಸಿ ಆಚೆ ದಡಕ್ಕೆ ಹತ್ತಿಸಿದೆ.

ಸುಳ್ಳು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮರುದಿನ ನಾನು ಪುಸ್ತಕ ತೆರೆಯುವ ಮೊದಲೇ ದೊಡ್ಡಮ್ಮ ಕೇಳಿದರು, "ಕೆಂಚ ಎಂಗವ್ನೆ?" ಸತ್ತವನ ಯೋಗಕ್ಷೇಮವನ್ನು ಉಳಿದ ಎರಡೂವರೆ ಸಂಪುಟ ನಾನು ವರದಿ ಮಾಡಬೇಕಾಯಿತು. ಅವನಿಗೊಂದು ಗುಡಿಸಲು ಕಟ್ಟಿಕೊಟ್ಟೆ. ಎರಡು ಎಮ್ಮೆ ಕೊಡಿಸಿದೆ. ಹೇಳಿದ್ದಕ್ಕೆ ಹೇಳಿದ್ದು ತಾಳೆಯಾಗಲೆಂದು ಡೈರಿಯ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡೆ: "ಎಮ್ಮೆ ಎರಡು. ಒಂದಕ್ಕೆ ಬಲಗೊಂಬು ಮುರಿದಿದೆ. ಇನ್ನೊಂದು ಗಬ್ಬ." ಆ ಕಥೆಯ ಹಕ್ಕಿ ದೊಡ್ಡಮ್ಮನ ಜಗಲಿಯಲ್ಲೇನಾದರೂ ಕೂತಿದ್ದರೆ ರಜೆ ಮುಗಿಯುವಷ್ಟರಲ್ಲಿ ಬೋಳಾಗಿರುತ್ತಿತ್ತು.

ಈಗ ಹೇಳಿ, ಅಂಕಣ ಹಾಕಿಕೊಂಡು ಪರರ ತಪ್ಪು ಎಣಿಸುವ ಯೋಗ್ಯತೆ ನನಗಿದೆಯೇ? ಅರವತ್ತೆರಡು ಕಡೆ ಪುಸ್ತಕಕ್ಕೆ ದ್ರೋಹ ಮಾಡಿದವರು ಅರವತ್ಮೂರನೆಯದನ್ನೂ ಮಾಡಲಿ, ಕೆಂಚನನ್ನು ಬದುಕಿಸಲಿ ಎಂದು ಆ ಭಾನುವಾರ ಬಸ್ಸಿನಲ್ಲಿ ಕೂತು ನಂಜುಂಡೇಶ್ವರನನ್ನು ಬೇಡಿಕೊಂಡೆ. ಹಂಪು ಎಣಿಸುವುದೂ ಮರೆತುಹೋಯಿತು.

ದೇವರು ಕೇಳಲಿಲ್ಲ. ಏಳನೆಯ ಕಂತಿನಲ್ಲಿ ಅವರು ಮೊದಲ ಬಾರಿಗೆ ಪುಸ್ತಕವನ್ನು ಅಕ್ಷರಶಃ ಪಾಲಿಸಿದರು. ಸುಳಿ ತಿರುಗಿತು, ಹರಿಗೋಲು ಮಗುಚಿತು, ಕೆಂಚನ ಕೈ ಒಂದು ಸಲ ಮೇಲೆ ಬಂದು ಮುಳುಗಿತು. ನಾನು ತೆರೆ ಬಿಟ್ಟು ದೊಡ್ಡಮ್ಮನ ಮುಖ ನೋಡುತ್ತಿದ್ದೆ. ಅವರು ಅಳಲಿಲ್ಲ. ನನ್ನ ಕಡೆ ತಿರುಗಿದರು.

"ಅಂಗಾರೆ ಎಮ್ಮೆ ಗತಿ?"

ನಾನು ತೊದಲಿದೆ. "ಅದು ದೊಡ್ಡಮ್ಮ... ಪುಸ್ತಕದಲ್ಲಿ..."

"ಪುಸ್ತಕ್ದಲ್ಲಿ ಎಮ್ಮೆ ಇರ್ನಿಲ್ಲ. ಅವತ್ತೇ ಗೊತ್ತಾಯ್ತು ಬುಡು. ಎಮ್ಮೆ ಕತೆ ಅಷ್ಟೊತ್ತು ಓದ್ದೆ, ಒಂದ್ ದಪಾನೂ ಹಾಳೆ ಮಗುಚೋ ಸದ್ದು ಬರ್ನಿಲ್ಲ. ನಾನು ಕಣ್ಣು ಮುಚ್ಚಿದ್ದೆ ಕಣವ್ವ, ಕಿವಿ ಮುಚ್ಚಿರ್ನಿಲ್ಲ."

ಎಲ್ಲವನ್ನೂ ಎಣಿಸುವವಳು ಹಾಳೆಗಳನ್ನು ಎಣಿಸಿರಲಿಲ್ಲ. ಅವರು ಎಣಿಸಿದ್ದರು.

"ಮತ್ತೆ ಯಾಕೆ ಹೇಳಲಿಲ್ಲ? ದಿನಾ ಕೆಂಚ ಹೇಗಿದ್ದಾನೆ ಅಂತ ಬೇರೆ ಕೇಳ್ತಿದ್ರಿ!"

"ನೀನು ಅಷ್ಟು ಕಷ್ಟಪಟ್ಟು ಬದುಕಿಸ್ಕೊಂಡಿದ್ದೆ. ನಾನ್ಯಾಕ್ ಸಾಯಿಸ್ಲಿ?"

ಕಂತು ಕೆಂಚನ ಸಾವಿಗೇ ಮುಗಿದಿತ್ತು. ದೊಡ್ಡಪ್ಪ ರಿಮೋಟಿಗೆ ಕೈ ಹಾಕಿದರು. ದೊಡ್ಡಮ್ಮ ಗದರಿದರು: "ಇರಿ! ಸಾವಿನ್ ಮ್ಯಾಲೆ ಯಾರಾರೂ ಕತೆ ನಿಲ್ಲಿಸ್ತಾರಾ?" ನಮ್ಮ ಕಡೆ ಪುರಾಣ ಓದುವ ಮನೆಗಳಲ್ಲಿ ಇದೊಂದು ಕಟ್ಟಳೆ. ಯಾರೋ ಸತ್ತ ಪ್ರಸಂಗಕ್ಕೆ ಪುಸ್ತಕ ಮುಚ್ಚುವಂತಿಲ್ಲ. ಮದುವೆಯೋ ಪಟ್ಟಾಭಿಷೇಕವೋ, ಒಂದು ಶುಭಘಟ್ಟ ಮುಟ್ಟಿಸಿಯೇ ಏಳಬೇಕು. ಏಳನೆಯ ಕಂತಿನಲ್ಲಿ ಅಂಥ ಘಟ್ಟ ಯಾವುದೂ ಇರಲಿಲ್ಲ.

"ನೀನೇ ಯೋಳು ಮಗ," ಎಂದರು ದೊಡ್ಡಮ್ಮ. "ಇನ್ನೊಂದು ಗಬ್ಬ ಇತ್ತಲ್ಲ, ಏನಾಯ್ತು?"

ನಾನು ಡೈರಿಯ ಕೊನೆಯ ಹಾಳೆ ತೆಗೆದೆ. ಅಲ್ಲಿ ಉತ್ತರ ಇರಲಿಲ್ಲ. ಆದರೂ ಓದುವವಳ ಹಾಗೆ ಕಣ್ಣಾಡಿಸಿ, ಈ ಸಲ ಜೋರಾಗಿ ಸದ್ದು ಬರುವಂತೆ ಹಾಳೆ ಮಗುಚಿ, ಹೇಳಿದೆ:

"ಈದಿದೆ ದೊಡ್ಡಮ್ಮ. ಹೆಣ್ಣುಗರು."