ಏಣಿಯ ತಲೆಯ ಗಂಟು

ಶಿರಾಲಿಯ ನನ್ನ ಮಾವಂದಿರ ಮನೆಯಲ್ಲಿ ಒಂದು ಬಿದಿರಿನ ಏಣಿ ಇದೆ. ಕೆಳಗಿನ ಆರು ಮೆಟ್ಟಿಲಿಗೆ ಸಿಪಾಯಿ ಹಸಿರು, ಮೇಲಿನ ಐದಕ್ಕೆ ಆಕಾಶನೀಲಿ. ಇಂಥದನ್ನು ನೀವು ಬೇರೆಲ್ಲೂ ಕಂಡಿರಲಿಕ್ಕಿಲ್ಲ. ಭೂಸೇನೆಯಿಂದ ನಿವೃತ್ತನಾದ ಅಣ್ಣನೂ ವಾಯುಸೇನೆಯಿಂದ ನಿವೃತ್ತನಾದ ತಮ್ಮನೂ ಒಂದೇ ತಾರಸಿಯ ಕೆಳಗೆ ಎರಡು ಒಲೆ ಹೂಡಿ ಬಾಳುವ ಮನೆಗಳು ನಮ್ಮ ಕಡೆ ಕಡಿಮೆ.

ಸೈನ್ಯದ ಹೆಲಿಕಾಪ್ಟರ್ ಯಾರ ಕೈಯಲ್ಲಿರಬೇಕೆಂಬುದು ಇವರ ನಡುವಿನ ತೀರದ ವ್ಯಾಜ್ಯ. ನೆಲದಲ್ಲಿ ಕಾದುವವನಿಗೆ ಬೇಕಾದ ಗಳಿಗೆಗೆ ಅದು ಬರಬೇಕಾದರೆ ಅವನ ಮಾತನ್ನೇ ಕೇಳಬೇಕು, ಪಕ್ಕದ ಮನೆಯ ಎಮ್ಮೆಯನ್ನು ನಂಬಿ ಚಹಾಕ್ಕೆ ನೀರಿಡಲಾದೀತೇ ಎಂಬುದು ಸುಬೇದಾರನಾಗಿದ್ದ ದೊಡ್ಡ ಮಾವನ ವಾದ. ಹಾರುವುದೇನಿದ್ದರೂ ಹಾರಿಸಬಲ್ಲವರಿಗೆ, ಬಿಚ್ಚಿ ಜೋಡಿಸಬಲ್ಲವರಿಗೆ ಸೇರಿದ್ದೆಂಬುದು ಹೆಲಿಕಾಪ್ಟರ್ ರಿಪೇರಿಯಲ್ಲೇ ತಲೆ ನರೆಸಿಕೊಂಡ ಸಣ್ಣ ಮಾವನದು. ಕುಮಟೆಯಿಂದ ಹೋದಾಗಲೆಲ್ಲ ನಾನೇ ಅಲ್ಲಿಯ ನ್ಯಾಯಾಧೀಶ. ತೀರ್ಪು ಮುಂದೂಡಿದಷ್ಟೂ ಎರಡೂ ಒಲೆಗಳಿಂದ ಚಹಾ ಬರುತ್ತದಾದ್ದರಿಂದ ನಾನು ಎಂದೂ ಅವಸರ ಮಾಡಿದವನಲ್ಲ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ದೊಡ್ಡ ಮಾವನ ಹೆಂಡತಿ, ನನ್ನ ಅತ್ತೆ, ಹಲಸಿನ ಹಪ್ಪಳ ಒಣಗಿಸಲು ತಾರಸಿ ಹತ್ತಿದ್ದಳು. ಸಣ್ಣ ಮಾವನಿಗೋ ಒಂದು ವ್ರತವುಂಟು: ದಿನಾ ಏಣಿಯನ್ನು ತಪಾಸಣೆ ಮಾಡಿ ಸೀಮೆಸುಣ್ಣದ ಗುರುತು ಹಾಕಬೇಕು. ಅಂದಿನ ಗುರುತು ಇನ್ನೂ ಬಿದ್ದಿಲ್ಲವೆಂದು, ತಲೆಯೆತ್ತಿಯೂ ನೋಡದೆ, ಏಣಿಯನ್ನಿಳಿಸಿ ಅಂಗಳದಲ್ಲಿ ಮಲಗಿಸಿಬಿಟ್ಟ. ದೊಡ್ಡ ಮಾವ ಧಾವಿಸಿ ಬಂದ.

“ನನ್ನ ಗೋಡೆಗಿದ್ದ ಏಣಿ. ಕೇಳದೆ ಎಂತಕ್ಕೆ ತೆಗ್ದೆ?”

“ತಪಾಸಣೆ ಆಗದೆ ಯಾರೂ ಹತ್ತೂಕಿಲ್ಲ ಅಣ್ಣಾ. ಎತ್ತರದ ಕೆಲಸ ನಂದು.”

ಒಬ್ಬ ಹಸಿರು ತುದಿ ಹಿಡಿದ, ಇನ್ನೊಬ್ಬ ನೀಲಿ ತುದಿ. ಅಷ್ಟರಲ್ಲೇ ಕಾರವಾರದ ದಿಕ್ಕಿನಿಂದ ಹೆಲಿಕಾಪ್ಟರೊಂದು ತೆಂಗಿನ ತಲೆಗಳ ಮೇಲೆ ಗುಡುಗುತ್ತ ಬಂತು. “ನಮ್ದು!” ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಅದು ನೌಕಾಸೇನೆಯದಾಗಿತ್ತು. ಅಂಗಳದ ಅಂಚಿನಲ್ಲಿ ಕೂತಿದ್ದ ನಾನೂ ಚಹಾದ ಕಪ್ಪು ಹಿಡಿದು ಆಕಾಶ ನೋಡುತ್ತ ನಕ್ಕೆ. ಸದ್ದು ಅಡಗಿದ ಮೇಲೆ ದೊಡ್ಡ ಮಾವನ ಬೋಳುತಲೆಯ ಮೇಲೆ ಒದ್ದೆ ಬಟ್ಟೆಯೊಂದು ಪಟ್ಟನೆ ಬಿತ್ತು.

“ಆಗಿಂದ ಕೂಗ್ತಾ ಇದ್ದೆ! ಹೆಲಿಕಾಪ್ಟರ್ ಯಾರದ್ದಾದ್ರೂ ಆಗ್ಲಿ, ನನ್ನ ಕಾಲು ಸುಡ್ತದೆ. ಮೊದ್ಲು ಏಣಿ ಇಡಿ!”

ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿದ್ದ ಅವಳಿಗೆ ಕಾಲಡಿಗೆ ಇದ್ದದ್ದು ಆ ಒದ್ದೆ ಬಟ್ಟೆಯೊಂದೇ. ನಮ್ಮನ್ನು ಎಚ್ಚರಿಸಲು ಅದನ್ನೂ ಎಸೆದಿದ್ದಳು. ಆದರೂ “ನಾನಿಡ್ತೆ”, “ನೀ ಬಿಡು” ಎಂದು ಇಬ್ಬರೂ ಎಳೆದಾಡುತ್ತಿದ್ದರೆ ಏಣಿ ನಿಲ್ಲುವುದಾದರೂ ಹೇಗೆ? ಕೊನೆಗೆ ನ್ಯಾಯಾಧೀಶನೇ ಕಪ್ಪು ಕೆಳಗಿಟ್ಟು ಏಣಿಯ ನಡುವಿಗೆ ಕೈಹಾಕಬೇಕಾಯಿತು.

ಇಳಿದು ಬಂದವಳ ಅಂಗಾಲುಗಳು ಕೆಂಪಾಗಿದ್ದವು. ಸುಬೇದಾರ ಕುಕ್ಕುರುಗಾಲಲ್ಲಿ ಕೂತು ತಂಬಿಗೆಯಿಂದ ನೀರು ಹೊಯ್ದ. ತಮ್ಮನೋ ಬಾವಿಯಿಂದ ಕೊಡಗಟ್ಟಲೆ ಸೇದಿ ತಂದ. ನನಗೆ ನಿಜಕ್ಕೂ ನಾಚಿಕೆಯಾಯಿತು. ಯಾವುದೋ ಹಿಮದ ಬೆಟ್ಟದಲ್ಲಿ ಗಾಯಗೊಂಡು ಬಿದ್ದ ಹುಡುಗ ಆ ಗುಡುಗು ಕೇಳಿದಾಗ, ಬಂದದ್ದು ಯಾರದೆಂದು ವಿಚಾರಿಸುತ್ತಾನೆಯೇ, ಬಂತಲ್ಲ ಎಂದು ಅಳುತ್ತಾನೆಯೇ? ನನ್ನ ತೀರ್ಪು ಆಗ ಸಿದ್ಧವಾಗಿತ್ತು. ಅದನ್ನು ಕೇಳುವವರೇ ಇರಲಿಲ್ಲ.

ಮೊನ್ನೆ ಹೋದಾಗ ನೋಡಿದೆ. ತಾರಸಿಯ ಅಂಚಿಗೊಂದು ಕಬ್ಬಿಣದ ಬಳೆ ಬಂದಿದೆ. ಅತ್ತೆ ಹತ್ತಿದೊಡನೆ ಏಣಿಯ ತಲೆಯನ್ನು ತೆಂಗಿನ ಕತ್ತದ ಹಗ್ಗದಿಂದ ಅದಕ್ಕೆ ಬಿಗಿಯುತ್ತಾಳೆ. ಸಣ್ಣ ಮಾವ ಸೀಮೆಸುಣ್ಣ ಹಿಡಿದು ಕೆಳಗೆ ನಿಂತಿದ್ದ, ಅವನ ಹಿಂದೆ ದೊಡ್ಡ ಮಾವ.

“ಅತ್ತಿಗೇ, ತಪಾಸಣೆ ಮಾಡ್ಲಾ?”

“ನಾ ಇಳಿದ ಮೇಲೆ,” ಎಂದಿತು ಮೇಲಿನಿಂದ ಧ್ವನಿ.

“ಆತು,” ಎಂದರು ಭೂಸೇನೆ, ವಾಯುಸೇನೆ ಎರಡೂ ಒಂದೇ ಬಾಯಲ್ಲಿ.