ಜೀರಿಗೆ ಬೆಡಗಿನ ಅನುಸೂಯಮ್ಮ

ಗಂಡಸಿ ಊರಿನ ಶಾಲೆಯ ಅನುಸೂಯಮ್ಮ ಮೇಡಂ ಜೀರಿಗೆ ತಿನ್ನುತ್ತಿರಲಿಲ್ಲ. ಹೋಟೆಲಿನ ಸಾರಾಗಲಿ, ಮದುವೆಮನೆಯ ಪಲಾವಾಗಲಿ, ಮೊದಲು ಮೂಸಿ ನೋಡಿ ಆಮೇಲೆ ಊಟ. ಜೊತೆಯ ಮೇಷ್ಟರುಗಳು ನಗುತ್ತಿದ್ದರು. ನಕ್ಕರೆ ನಗಲಿ, ಅವಳದು ಜೀರಿಗೆ ಬೆಡಗು, ಅಂದರೆ ಜೀರಿಗೆ ಹೆಸರಿನ ಕುಲ. ಹುಲಿಕೆರೆ ಕಡೆಯಿಂದ ಓಡಿಬಂದ ಮೂಲಪುರುಷ, ಬೆನ್ನಟ್ಟಿದ ಕುದುರೆಯವರಿಗೆ ಹೆದರಿ ಜೀರಿಗೆ ರಾಶಿಯಲ್ಲಿ ಹುದುಗಿ ಜೀವ ಉಳಿಸಿಕೊಂಡನಂತೆ. ಅಂದಿನಿಂದ ಆ ವಂಶಕ್ಕೆ ಜೀರಿಗೆ ನಿಷಿದ್ಧ. ಮದುವೆಯಾದ ಹೆಣ್ಣು ಗಂಡನ ಬೆಡಗು ಸೇರಿ ತಿನ್ನಬಹುದು. ಅನುಸೂಯಮ್ಮ ಮದುವೆಯಾಗಲಿಲ್ಲ. ತಾಯಿ ಸತ್ತ ಮೇಲೆ ಅಪ್ಪ ದೇವೀರಪ್ಪನಿಗೆ ಅವಳು ಬಿಟ್ಟರೆ ಯಾರೂ ಇರಲಿಲ್ಲ.

ಈ ಕಥೆಯನ್ನೆಲ್ಲ ಕಾಪಾಡಿಕೊಂಡು ಬಂದವನು ಹೆಳವಯ್ಯ. ಮನೆತನಗಳ ವಂಶಾವಳಿ ಹೇಳುವುದೇ ಅವನ ಕಸುಬು. ಮೂರು ನಾಲ್ಕು ವರ್ಷಕ್ಕೊಮ್ಮೆ, ರಾಗಿ ಒಕ್ಕಣೆ ಮುಗಿದ ಮೇಲೆ, ಗಂಟೆ ಕಟ್ಟಿದ ಎತ್ತಿನ ಜೊತೆ ಬಂದು, ಜಗಲಿ ಮೇಲೆ ಹೊತ್ತಿಗೆ ಬಿಚ್ಚಿ ಹದಿಮೂರು ತಲೆಮಾರಿನ ಹೆಸರು ಹೇಳುತ್ತಿದ್ದ. ಹೊಸದಾಗಿ ಹುಟ್ಟಿದ ಗಂಡುಮಕ್ಕಳನ್ನು ಬರೆದುಕೊಳ್ಳುತ್ತಿದ್ದ. ಹೆಣ್ಣುಮಕ್ಕಳ ಹೆಸರು ಆ ಹೊತ್ತಿಗೆಗೆ ಹತ್ತುತ್ತಿರಲಿಲ್ಲ.

ತೊಂಬತ್ತಮೂರರಲ್ಲಿ ಅನುಸೂಯಮ್ಮ ಅಪ್ಪನೆದುರೇ ಕೇಳಿದಳು. "ನಾನು ಬೇರೆ ಮನೆಗೆ ಹೋದೋಳಲ್ಲ. ನನ್ನ ಹೆಸರೂ ಬರ್ಕಳಿ."

"ಯಜಮಾನ್ರು ಬಾಯ್ಬಿಟ್ಟು ಹೇಳ್ಬೇಕವ್ವ. ಜೊತೆಗೊಂದು ಕಡಸು ಕೊಡ್ಬೇಕಾಯ್ತದೆ," ಎಂದ ಹೆಳವಯ್ಯ.

"ಮುಂದಿನ ಸಲ ನೋಡಾನ ತಗಾ," ಎಂದ ದೇವೀರಪ್ಪ.

ಕಡಸು ಕೊಡಲೆಂದೇ ಅನುಸೂಯಮ್ಮ ಒಂದು ಹೆಣ್ಣುಗರು ತಂದು, ಗೌರಿ ಎಂದು ಹೆಸರಿಟ್ಟು, ಮೂರು ವರ್ಷ ಸಾಕಿದಳು. ತೊಂಬತ್ತಾರರಲ್ಲಿ ಹೆಳವಯ್ಯ ಬಂದಾಗ ಅವಳು ಹಾಸನದಲ್ಲಿ ಶಿಕ್ಷಕರ ತರಬೇತಿಯಲ್ಲಿದ್ದಳು. ವಾಪಸ್ಸು ಬಂದರೆ ಕೊಟ್ಟಿಗೆ ಖಾಲಿ.

"ಬರ್ಸಿದೀನಿ ಕಣವ್ವ. ಗೌರೀನ ಹೊಡ್ಕೊಂಡು ಹೋದ," ಎಂದ ಅಪ್ಪ.

ಗೌರಿಗಾಗಿ ಅತ್ತಳು, ಕಣ್ಣೊರೆಸಿಕೊಂಡು ಹೋಳಿಗೆ ಮಾಡಿದಳು. ದೇವೀರಪ್ಪ ನಾಲ್ಕು ತಿಂದ.

ಆ ವರ್ಷವೇ ಅವನಿಗೆ ಲಕ್ವ ಹೊಡೆಯಿತು. ಮೂರು ವರ್ಷ ಮಗಳೇ ಮೀಯಿಸಿದಳು, ಉಣಿಸಿದಳು. ಪಕ್ಕದ ಬೀದಿಯಲ್ಲಿದ್ದ ಅವನ ಅಣ್ಣನ ಮಗ ಕೆಂಚಪ್ಪ ಒಂದು ದಿನವೂ ಇಣುಕಿ ನೋಡಲಿಲ್ಲ. ಅಪ್ಪ ಸತ್ತಾಗ ಮಾತ್ರ ಕೊಳ್ಳಿ ಹಿಡಿಯಲು ಬಂದ. ಶಾಸ್ತ್ರ ಎಂದು ಅನುಸೂಯಮ್ಮ ಸುಮ್ಮನಿದ್ದಳು. ಹೊತ್ತಿಗೆಯಲ್ಲಿ ತನ್ನ ಹೆಸರಿದೆಯಲ್ಲ, ಅಷ್ಟು ಸಾಕು ಎಂದುಕೊಂಡಳು.

ಎರಡು ಸಾವಿರದ ಇಸವಿಯಲ್ಲಿ ಹೆಳವಯ್ಯನ ಗಂಟೆ ಕೇಳಿದ್ದೇ ತಡ, ಅವಳು ರೇಷ್ಮೆ ಸೀರೆ ಉಟ್ಟಳು. ಬೀದಿಯವರನ್ನೆಲ್ಲ ಕರೆದಳು, ಕೆಂಚಪ್ಪನನ್ನೂ. ಹೆಸರುಗಳು ಒಂದೊಂದಾಗಿ ಇಳಿದು ಬಂದವು. "ಅವನ ಮಗ ದೇವೀರಪ್ಪ. ದೇವೀರಪ್ಪನ ಮಗ ಕೆಂಚಪ್ಪ."

ಮುದುಕ ಸಾಲು ತಪ್ಪಿದ ಎಂದುಕೊಂಡಳು. "ಇನ್ನೊಂದ್ಸಲ ಹೇಳಿ."

ಇನ್ನೊಂದು ಸಲವೂ ಅದೇ.

"ನನ್ನ ಹೆಸರು?"

ಹೆಳವಯ್ಯ ಹೊತ್ತಿಗೆಯ ಸಾಲಿನ ಮೇಲೆ ಬೆರಳಿಟ್ಟ. "ನಿಮ್ಮಪ್ಪಾರು ನಿಮ್ಮ ಹೆಸರೇ ಎತ್ತಲಿಲ್ವಲ್ಲವ್ವ. ಕಡಸು ಕೊಟ್ಟು, ಅಣ್ಣನ ಮಗನ್ನೇ ನನ್ನ ಮಗ ಅಂತ ಬರ್ಕಳಪ್ಪ, ವಂಶ ನಿಂತೋಗಬಾರ್ದು ಅಂದ್ರು."

ಕೆಂಚಪ್ಪ ತಲೆ ತಗ್ಗಿಸಿದ. "ನಂಗೊತ್ತಿತ್ತು ಕಣಕ್ಕ. ಚಿಕ್ಕಪ್ಪ ಹೇಳ್ಬ್ಯಾಡ ಅಂದಿತ್ತು."

ಆಗಲ್ಲ ಎಂದು ಅಪ್ಪ ಮುಖಕ್ಕೇ ಹೇಳಿದ್ದರೆ ತಡೆದುಕೊಳ್ಳುತ್ತಿದ್ದಳು. ಅವಳ ಗೌರಿಯನ್ನೇ ಕೊಟ್ಟು ಅವಳನ್ನೇ ಹೊರಗಿಟ್ಟಿದ್ದ. ಮೂರು ವರ್ಷ ಅವಳ ಕೈಯಿಂದ ಗಂಜಿ ಕುಡಿಯಲು ಬಾಯಿ ತೆರೆದವನು ಈ ಒಂದು ಮಾತಿಗೆ ಬಾಯಿ ತೆರೆಯಲಿಲ್ಲ. ಎಂಥ ಮೋಸ!

"ಈಗ್ಲಾದ್ರೂ ಬರ್ಕಳನಾ?" ಎಂದು ಹೆಳವಯ್ಯ ಕೇಳಿದ. ಕೇಳಿದ್ದು ಅವಳನ್ನಲ್ಲ, ಕೆಂಚಪ್ಪನನ್ನು. ಈಗ ಯಜಮಾನ ಅವನೇ ತಾನೇ.

"ಬರ್ಕಳಿ ಪಾಪ," ಎಂದ ಕೆಂಚಪ್ಪ.

"ಬ್ಯಾಡ," ಎಂದಳು ಅನುಸೂಯಮ್ಮ. ಹೆಳವಯ್ಯನದೇನು ತಪ್ಪು, ಅವನಿಗೆ ಎರಡು ಮೊರ ರಾಗಿ ಸುರಿದು ಕಳಿಸಿದಳು.

ಅದಾದ ವಾರಕ್ಕೆ ಅಪ್ಪನ ವರ್ಷದ ಎಡೆ. ಹಿಂದಿನ ದಿನ ಅರಸೀಕೆರೆಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ, ಕಾಲು ಕೇಜಿ ಜೀರಿಗೆ ತಂದಳು. ಅಪ್ಪನಿಗೆ ಪ್ರಿಯವಾದ ಅವರೆಕಾಳು ಸಾರು ಮಾಡಿ, ಒಂದು ಹಿಡಿ ಜೀರಿಗೆ ಹುರಿದು ಕುಟ್ಟಿ ಹಾಕಿದಳು. ಮನೆಯೆಲ್ಲ ಘಮ್ಮೆಂದಿತು. ಫೋಟೋದ ಮುಂದೆ ಎಲೆ ಹಾಕಿ, ಮುದ್ದೆಯಿಟ್ಟು, ಸಾರು ಬಡಿಸಿದಳು.

"ಉಣ್ಣಪ್ಪ," ಎಂದಳು.

ಆಮೇಲೆ ಎದುರಿಗೆ ಕೂತು ತಾನೂ ಬಡಿಸಿಕೊಂಡಳು. ಮೂಸಿ ನೋಡಲಿಲ್ಲ.